ಕಣ್ಣು ಬಿಟ್ಟುಹೋದದ್ದನ್ನು ಕಿವಿ ಹಿಡಿದ ತಿಂಗಳು

ಜೂನ್ ತಿಂಗಳ ನಡುವಿನಲ್ಲಿ ನನ್ನ ತಾಯಿಯ ಎರಡನೆಯ ಕಣ್ಣಿನ ಪೊರೆಯನ್ನೂ ತೆಗೆಸಿದೆವು. ಹೊಸ ಕನ್ನಡಕದ ನಂಬರು ನಿಲ್ಲಲು ಇನ್ನೊಂದು ತಿಂಗಳಾದರೂ ಬೇಕು, ಅಲ್ಲಿಯವರೆಗೆ ಸಣ್ಣ ಅಕ್ಷರದ ಓದು ಹೊಂದುವುದಿಲ್ಲ ಎಂದು ವೈದ್ಯರು ಹೇಳಿದರು. 78 ವರ್ಷದ ನನ್ನ ತಾಯಿಗೆ ಹೊತ್ತುಹೊತ್ತಿಗೆ ಕಣ್ಣಿಗೆ ಹನಿ ಹಾಕಿಸಿಕೊಳ್ಳುವುದಕ್ಕಿಂತ ಪುಸ್ತಕವಿಲ್ಲದ ಮಧ್ಯಾಹ್ನಗಳನ್ನು ಕಳೆಯುವುದೇ ಹೆಚ್ಚು ಕಷ್ಟವಾಯಿತು. ಅವರು ಓದಿದ್ದು ಲೋವರ್ ಸೆಕೆಂಡರಿವರೆಗೆ ಮಾತ್ರ. ಆದರೆ ಊರಿನ ಗ್ರಂಥಾಲಯದಿಂದ ತರಿಸಿಕೊಂಡು ಅವರು ಓದಿದ ಕಾದಂಬರಿಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಹಾಗಾಗಿ ಸಂಜೆ ನಾನೇ ಓದಿ ಹೇಳುತ್ತೇನೆ ಎಂದು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ, ಈ ಒಂದು ತಿಂಗಳು ನಾನೂ ಕಾದಂಬರಿಗಳನ್ನೇ ಹಿಡಿಯಬೇಕು, ಕೆಲವನ್ನು ಕಣ್ಣಿನಿಂದ ಓದಿ ಕೆಲವನ್ನು ಕಿವಿಯಿಂದ ಕೇಳಬೇಕು ಎಂಬ ಆಸೆ ಹುಟ್ಟಿತು. ಆ ತಿಂಗಳಲ್ಲಿ ಏನೇನಾಯಿತು ಎಂಬುದನ್ನು ಮರೆಯುವ ಮುನ್ನ ಬರೆದಿಡುತ್ತಿದ್ದೇನೆ.

ಇದಕ್ಕೆ ಮೊದಲು ನನ್ನ ಕಸುಬಿನ ವಿಷಯ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದಕ್ಕೆ ಅಂಟಿಕೊಂಡೇ ಇದೆ. ನಾನು ಮೈಸೂರಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. 1993ರಲ್ಲಿ ಕೆಲಸಕ್ಕೆ ಸೇರಿದಾಗ ನನ್ನನ್ನು ಮೊದಲು ಕೂರಿಸಿದ್ದು ಕಾಪಿ ಹಿಡಿಯುವ ಜಾಗದಲ್ಲಿ. ಹಿರಿಯರೊಬ್ಬರು ಕರಡಚ್ಚಿನ ಮೇಲೆ ಕಣ್ಣಿಟ್ಟು ಪೆನ್ಸಿಲು ಹಿಡಿದಿರುತ್ತಿದ್ದರು, ನಾನು ಎದುರು ಕುಳಿತು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕಿತ್ತು. ಆ ಓದಿನಲ್ಲಿ ಅರ್ಥಕ್ಕೆ ಕೆಲಸವಿರಲಿಲ್ಲ. ವಾಕ್ಯದ ನಡುವೆ ಅಲ್ಪವಿರಾಮ ಎಂದೂ ಕೊನೆಯಲ್ಲಿ ಪೂರ್ಣವಿರಾಮ ಎಂದೂ ಬಾಯಿಬಿಟ್ಟು ಹೇಳಬೇಕು, ಶಕಾರವೋ ಷಕಾರವೋ ಎಂದು ಸಂಶಯ ಬರುವಲ್ಲಿ ಅಕ್ಷರವನ್ನು ಒಡೆದು ಹೇಳಬೇಕು, ದನಿ ಏರಿಳಿಯಬಾರದು. ಏರಿಳಿದರೆ ಕೇಳುವವರ ಗಮನ ಕಥೆಯ ಕಡೆಗೆ ಹೋಗಿ ತಪ್ಪು ತಪ್ಪಿಸಿಕೊಳ್ಳುತ್ತದೆ ಎಂಬುದು ಆ ಹಿರಿಯರು ನನಗೆ ಕಲಿಸಿದ ಮೊದಲ ಪಾಠ. ಎರಡು ವರ್ಷ ಹಾಗೆ ಓದಿ, ಆಮೇಲೆ ನಾನೇ ಪೆನ್ಸಿಲು ಹಿಡಿದೆ. ಈಗ ಎಲ್ಲವೂ ಕಂಪ್ಯೂಟರಿನಲ್ಲಿ ಆಗುತ್ತದಾದರೂ ಕಣ್ಣಿನ ಅಭ್ಯಾಸ ಹಳೆಯದೇ. ಅದು ಪದದ ಮೇಲೆ ನಿಲ್ಲುತ್ತದೆ, ಒತ್ತಕ್ಷರ ನೋಡುತ್ತದೆ, ಅಲ್ಪಪ್ರಾಣ ಮಹಾಪ್ರಾಣ ನೋಡುತ್ತದೆ, ಮುಂದಿನ ಪದಕ್ಕೆ ಹೋಗುತ್ತದೆ. ಮನೆಯಲ್ಲಿ ನನ್ನ ಸಂತೋಷಕ್ಕೆಂದು ಕಾದಂಬರಿ ಹಿಡಿದಾಗ ಇದೇ ಕಣ್ಣು ಸೇಡು ತೀರಿಸಿಕೊಳ್ಳುವಂತೆ ಓಡುತ್ತದೆ: ಸಂಭಾಷಣೆಯಿಂದ ಸಂಭಾಷಣೆಗೆ ಹಾರಿ, ವರ್ಣನೆ ಬಂದಲ್ಲಿ ಪುಟದ ಮೇಲಿಂದ ಕೆಳಕ್ಕೆ ಜಾರುತ್ತದೆ. ಮೂವತ್ತು ವರ್ಷ ಹಾಗೆ ಓದಿದ್ದೇನೆ ಎಂಬುದು ಈ ತಿಂಗಳಲ್ಲಿ ನನಗೆ ತಿಳಿಯಿತು.

ದಿನದ ಹಂಚಿಕೆಯನ್ನು ಸರಳವಾಗಿ ಇಟ್ಟುಕೊಂಡೆ. ಬೆಳಿಗ್ಗೆ ಐದೂವರೆಯಿಂದ ಒಂದು ಗಂಟೆ ನನ್ನ ಕಣ್ಣೋದು. ಕೆಲಸಕ್ಕೆ ಹೋಗುವಾಗ, ಬರುವಾಗ ಸಿಟಿ ಬಸ್ಸಿನಲ್ಲಿ ತಲಾ ನಲವತ್ತು ನಿಮಿಷ ಮೊಬೈಲಿನಲ್ಲಿ ಧ್ವನಿಮುದ್ರಿಕೆ. ರಾತ್ರಿ ಊಟಕ್ಕೆ ಮುಂಚೆ ಒಂದೂವರೆ ಗಂಟೆ ತಾಯಿಗೆ ಓದುವುದು. ಬಸ್ಸಿನ ಹೊತ್ತಿಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’, ಸಂಜೆಗೆ ಭೈರಪ್ಪನವರ ‘ಗೃಹಭಂಗ’, ಬೆಳಿಗ್ಗೆಗೆ ಕಾರಂತರ ‘ಮರಳಿ ಮಣ್ಣಿಗೆ’ ಎಂದು ಗೊತ್ತುಮಾಡಿದೆ. ಚಿತ್ತಾಲರ ‘ಶಿಕಾರಿ’ ಮತ್ತು ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ನಡುವೆ ಬಂದು ಸೇರಿಕೊಂಡವು.

ಮೊದಲ ಸಂಜೆ ‘ಗೃಹಭಂಗ’ದ ಹತ್ತು ಪುಟ ಓದುವಷ್ಟರಲ್ಲಿ ತಾಯಿ ಕೈಯೆತ್ತಿ ನಿಲ್ಲಿಸಿದರು. “ಪಂಚಾಂಗ ಓದ್ದಂಗೆ ಓದ್ತೀಯಲ್ಲೇ” ಎಂದರು. ಅವರು ಹೇಳಿದ್ದು ನಿಜವಾಗಿತ್ತು. ಗಟ್ಟಿಯಾಗಿ ಓದಲು ಬಾಯಿ ತೆರೆದ ಕೂಡಲೇ ಮೂವತ್ತು ವರ್ಷದ ಹಿಂದಿನ ಕಾಪಿ ಹಿಡಿಯುವ ಹುಡುಗಿಯ ದನಿ ಹೊರಬಂದಿತ್ತು. ಒಂದೆರಡು ಕಡೆ ಪೂರ್ಣವಿರಾಮ ಎಂದು ಹೇಳಲು ನಾಲಿಗೆ ಹೊರಟು ತಡೆದುಕೊಂಡಿದ್ದೆ. ಮರುದಿನ ಬೆಳಿಗ್ಗೆ ಕೂತು ಯೋಚಿಸಿದಾಗ ತೊಂದರೆ ಎಲ್ಲಿದೆ ಎಂದು ತೋರಿತು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಯಾರು, ಎಲ್ಲಿ, ಯಾವಾಗ, ಹೇಗೆ ಎಂಬುದೆಲ್ಲ ಮೊದಲು ಬಂದು, ಮಾಡಿದನೋ ಬಿಟ್ಟನೋ ಎಂಬುದು ಕಟ್ಟಕಡೆಯಲ್ಲಿ ತಿಳಿಯುತ್ತದೆ. ಓದುವವಳಿಗೆ ಆ ಕಡೆಯ ಪದ ಮೊದಲೇ ಗೊತ್ತಿರದಿದ್ದರೆ ವಾಕ್ಯವನ್ನು ಎಲ್ಲಿಂದ ಎತ್ತಬೇಕು, ಎಲ್ಲಿ ಇಳಿಸಬೇಕು ಎಂದು ತಿಳಿಯುವುದಿಲ್ಲ. ಪದಕ್ಕೆ ಪದ ಕಟ್ಟಿಕೊಂಡು ನಡೆಯುವ ಕರಡು ತಿದ್ದುವವಳ ಕಣ್ಣಿಗೆ ಮುಂದಕ್ಕೆ ಹೋಗಿ ನೋಡಿ ಬರುವ ಅಭ್ಯಾಸವೇ ಇಲ್ಲ.

ಆ ಅಭ್ಯಾಸವನ್ನು ಹೊಸದಾಗಿ ಮಾಡಿಕೊಂಡೆ. ಬಾಯಿ ಒಂದು ವಾಕ್ಯದಲ್ಲಿರುವಾಗ ಕಣ್ಣು ಮುಂದಿನ ವಾಕ್ಯದ ಕೊನೆಯನ್ನು ಮುಟ್ಟಿ ಬರಬೇಕು. ಮೊದಲ ಮೂರು ದಿನ ಸಂಜೆಯ ಪುಟಗಳನ್ನು ಬೆಳಿಗ್ಗೆಯೇ ಒಮ್ಮೆ ಮನಸ್ಸಿನಲ್ಲಿ ಓದಿಟ್ಟುಕೊಂಡೆ. ಉದ್ದ ವಾಕ್ಯಗಳಲ್ಲಿ ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಪೆನ್ಸಿಲಿನಿಂದ ಸಣ್ಣ ಗೀಟು ಹಾಕಿದೆ. ಆಶ್ಚರ್ಯವೆಂದರೆ ಆ ಗೀಟುಗಳು ಬಹಳ ಕಡೆ ಅಲ್ಪವಿರಾಮಗಳ ಮೇಲೆ ಬೀಳಲಿಲ್ಲ. ‘ಹೋಗಿ’, ‘ನೋಡಿ’, ‘ಎಂದು’, ‘ಆದರೂ’ ಎಂಬಂಥ ಪದಗಳ ಆಚೆಗೆ, ಚಿಹ್ನೆಯೇ ಇಲ್ಲದ ಜಾಗದಲ್ಲಿ ಬಿದ್ದವು. ಚಿಹ್ನೆಗಳನ್ನು ತಿದ್ದುವುದರಲ್ಲಿ ಆಯುಷ್ಯ ಕಳೆದ ನನಗೆ ಕನ್ನಡದ ಉಸಿರು ಚಿಹ್ನೆಗಳಲ್ಲಿ ಇಲ್ಲ, ಈ ಕೊಂಡಿಗಳಲ್ಲಿ ಇದೆ ಎಂಬುದು ಆಗ ಅರಿವಾಯಿತು. ನಾಲ್ಕನೆಯ ದಿನದಿಂದ ಮೊದಲೇ ಓದಿಕೊಳ್ಳುವ ಅಗತ್ಯ ಬೀಳಲಿಲ್ಲ. ಗಡಿಯಾರ ಇಟ್ಟು ನೋಡಿದರೆ ಪುಟಕ್ಕೆ ಎರಡೂವರೆ ನಿಮಿಷ ಹಿಡಿಯುತ್ತಿತ್ತು; ಆದರೂ ಒಂದೂವರೆ ಗಂಟೆಯಲ್ಲಿ ಹದಿನೆಂಟು ಇಪ್ಪತ್ತು ಪುಟಕ್ಕಿಂತ ಹೆಚ್ಚು ಸಾಗಲಿಲ್ಲ, ಏಕೆಂದರೆ ತಾಯಿ ಸುಮ್ಮನೆ ಕೇಳುವವರಲ್ಲ.

ಅವರ ತವರು ತಿಪಟೂರು ಸೀಮೆ. 1970ರಲ್ಲಿ ಪ್ರಕಟವಾದ ‘ಗೃಹಭಂಗ’ ಅದೇ ಸೀಮೆಯ, ಸ್ವಾತಂತ್ರ್ಯಕ್ಕೆ ಹಿಂದಿನ ಎರಡು ಮೂರು ದಶಕಗಳ ಕಥೆ. ಶ್ಯಾನುಭೋಗಿಕೆಯ ಲೆಕ್ಕ ಬರೆಯಲು ಬಾರದ ಗಂಡ ಚೆನ್ನಿಗರಾಯ, ಅವನ ಲೆಕ್ಕವನ್ನು ತಾನೇ ಬರೆದು ಸಂಸಾರ ನಿಲ್ಲಿಸಲು ಹೆಣಗುವ ನಂಜಮ್ಮ, ಬಾಯಿ ತೆರೆದರೆ ಬೈಗುಳವನ್ನೇ ಸುರಿಸುವ ಅತ್ತೆ ಗಂಗಮ್ಮ. ಈ ಗಂಗಮ್ಮನ ಮಾತು ಬಂದಾಗಲೆಲ್ಲ ನನಗೆ ಗಂಟಲು ಕಟ್ಟುತ್ತಿತ್ತು. ತಾಯಿಯ ಎದುರಿಗೆ ಕುಳಿತು ಆ ಪದಗಳನ್ನು ಗಟ್ಟಿಯಾಗಿ ಉಚ್ಚರಿಸುವುದು ಹೇಗೆ? ಒಂದೆರಡು ಬೈಗುಳಗಳನ್ನು ನುಂಗಿ, ಒಂದೆರಡನ್ನು ತುಟಿಯೊಳಗೇ ಹೇಳಿ ಮುಂದಕ್ಕೆ ಹೋದೆ. ಎರಡನೆಯ ದಿನವೇ ಸಿಕ್ಕಿಬಿದ್ದೆ. “ಅವಳ ಬಾಯಿ ಅವಳ್ದು, ನೀನ್ಯಾಕೆ ನುಂಗ್ತೀಯಾ? ಸರಿಯಾಗಿ ಓದು” ಎಂದರು. ಓದಿದೆ. ಅದಕ್ಕೂ ಅವರಿಗೆ ಸಮಾಧಾನವಾಗಲಿಲ್ಲ. ನಾನು ಸಿಟ್ಟಿನ ದನಿಯಲ್ಲಿ ಓದುತ್ತಿದ್ದೆ. ಆ ಕಾಲದ ಮುದುಕಿಯರು ಸಿಟ್ಟು ಬಂದಾಗ ಮಾತ್ರ ಬೈಯುತ್ತಿರಲಿಲ್ಲ, ಉಪ್ಪು ಕೇಳುವಾಗಲೂ ನೀರು ಕೇಳುವಾಗಲೂ ಅದೇ ಮಾತು, ಅದು ರಾಗವಿಲ್ಲದೆ ಸರಾಗವಾಗಿ ಬರಬೇಕು ಎಂದು ತಮ್ಮ ಅಜ್ಜಿಯೊಬ್ಬರ ದನಿಯಲ್ಲಿ ಹೇಳಿ ತೋರಿಸಿದರು. ನಾನು ಬೆರಗಾದೆ. ಇಪ್ಪತ್ತು ವರ್ಷದ ಹಿಂದೆ ಈ ಕಾದಂಬರಿಯನ್ನು ಓದಿದಾಗ ಗಂಗಮ್ಮ ನನಗೆ ಒಬ್ಬ ಕ್ರೂರಿಯಾಗಿ ಕಂಡಿದ್ದಳು. ತಾಯಿ ತೋರಿಸಿದ ದನಿಯಲ್ಲಿ ಕೇಳಿದ ಮೇಲೆ ಬೇರೆ ಮಾತೇ ಕಲಿಯದ ಒಬ್ಬ ಹೆಂಗಸಾಗಿ ಕಂಡಳು. ಅದರಿಂದ ನಂಜಮ್ಮನ ಕಷ್ಟ ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು. ಕ್ರೌರ್ಯಕ್ಕಾದರೆ ಎದುರು ನಿಲ್ಲಬಹುದು, ಇಂಥದ್ದಕ್ಕೆ ಎದುರು ನಿಲ್ಲುವುದು ಹೇಗೆ?

ಗಮಕದಲ್ಲಿ ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಕುಮಾರವ್ಯಾಸನನ್ನು ನಮ್ಮ ಕಡೆಯ ಜನ ತಲೆಮಾರುಗಳಿಂದ ಹಾಗೆಯೇ ಕೇಳಿದ್ದಾರೆ. ನಮ್ಮ ಸಂಜೆಗಳು ತಾವಾಗಿಯೇ ಆ ರೂಪಕ್ಕೆ ಬಂದವು. ನಂಜಮ್ಮ ಮುತ್ತುಗದ ಎಲೆ ಹಚ್ಚುವ ಜಾಗ ಬಂದರೆ, ಎಲೆಯನ್ನು ಒಣಗಿಸಿ, ತುಸು ನೀರು ಚಿಮುಕಿಸಿ, ಭಾರ ಹೇರಿ, ಕಡ್ಡಿಯಿಂದ ಹೇಗೆ ಸೇರಿಸಬೇಕು, ಕಡ್ಡಿ ಯಾವ ಕಡೆಯಿಂದ ಹೋಗಿ ಯಾವ ಕಡೆಗೆ ಬಂದರೆ ಊಟ ಮಾಡುವವರ ಬೆರಳಿಗೆ ಚುಚ್ಚುವುದಿಲ್ಲ ಎಂದು ತಾಯಿ ಕೈಯಲ್ಲಿ ಗಾಳಿಯಲ್ಲೇ ಹಚ್ಚಿ ತೋರಿಸಿದರು. ಆ ಕೈಗಳನ್ನು ನೋಡುತ್ತ ಪುಸ್ತಕ ಮಡಿಲಲ್ಲಿಟ್ಟುಕೊಂಡು ಎಷ್ಟು ಹೊತ್ತು ಕುಳಿತಿದ್ದೆನೋ ತಿಳಿಯದು.

ಪ್ಲೇಗಿನ ಅಧ್ಯಾಯಗಳು ಮೂರನೆಯ ವಾರದಲ್ಲಿ ಬಂದವು. ಮೊದಲು ನಂಜಮ್ಮನ ಇಬ್ಬರು ಮಕ್ಕಳು, ಮುಂದೆ ಒಂದು ದಿನ ನಂಜಮ್ಮನೇ. ಹಿಂದೆ ಕಣ್ಣಿನಲ್ಲಿ ಓದಿದಾಗ ಮನಸ್ಸು ನೊಂದಿತ್ತು, ನಿಜ; ಆದರೆ ನೋವಾದಾಗ ಕಣ್ಣು ಇನ್ನೂ ವೇಗವಾಗಿ ಓಡಿ ಪಾರಾಗುತ್ತದೆ. ಗಟ್ಟಿಯಾಗಿ ಓದುವಾಗ ಪಾರಾಗುವ ದಾರಿಯಿಲ್ಲ. ಭೈರಪ್ಪನವರು ಅಲ್ಲಿ ಶೋಕಕ್ಕೆ ಒಂದು ವಿಶೇಷಣವನ್ನೂ ಖರ್ಚು ಮಾಡುವುದಿಲ್ಲ, ಜ್ವರ ಬಂತು, ಗಡ್ಡೆ ಕಂಡಿತು ಎಂಬಂತೆ ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುತ್ತ ಹೋಗುತ್ತಾರೆ. ಬಾಯಿ ಆ ಸಣ್ಣ ವಾಕ್ಯಗಳನ್ನು ಒಂದೊಂದಾಗಿ ಹೇಳಲೇಬೇಕು. ನನ್ನ ದನಿ ಒಡೆಯಿತು. ನೀರು ಕುಡಿದು ಮತ್ತೆ ಹಿಡಿದೆ, ಮತ್ತೆ ಒಡೆಯಿತು. ತಾಯಿ “ಸಾಕು, ನಾಳೆ ಓದುವೆಯಂತೆ” ಎಂದು ಹೇಳಿ, ಸ್ವಲ್ಪ ಹೊತ್ತು ಬಿಟ್ಟು, ತಮ್ಮ ತಾಯಿ ಹೇಳುತ್ತಿದ್ದ ಮಾತನ್ನು ಹೇಳಿದರು. ಊರಿನಲ್ಲಿ ಇಲಿ ಬಿತ್ತು ಎಂಬ ಮಾತು ಹಬ್ಬಿದ ಕೂಡಲೇ ಒಲೆಯ ಮೇಲಿನ ಪಾತ್ರೆಯನ್ನು ಹಾಗೇ ಇಳಿಸಿ, ದನಕರು ಹೊಡೆದುಕೊಂಡು ಊರ ಹೊರಗಿನ ಗುಡಿಸಲುಗಳಿಗೆ ಹೋಗುತ್ತಿದ್ದರಂತೆ. ವಾಪಸು ಬಂದು ಬಾಗಿಲು ತೆಗೆಯುವಾಗ ಯಾರ ಮನೆಯ ಬಾಗಿಲು ತೆಗೆಯಲು ಯಾರೂ ಉಳಿದಿಲ್ಲ ಎಂದು ಎಣಿಸುತ್ತಿದ್ದರಂತೆ. ಇದನ್ನು ಅವರು ನನಗೆ ಹಿಂದೆ ಎಂದೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಬಸ್ಸಿನಲ್ಲಿ ಕೇಳಿದ ‘ಮಲೆಗಳಲ್ಲಿ ಮದುಮಗಳು’ ಬೇರೆ ರೀತಿಯ ಅನುಭವ. ಅದು 1967ರಲ್ಲಿ ಬಂದ ಕಾದಂಬರಿ, ಏಳುನೂರು ಪುಟ ದಾಟುತ್ತದೆ. ನಾನು ಅದನ್ನು ಎರಡು ಸಲ ಓದಿದ್ದೇನೆ, ಸಿ. ಬಸವಲಿಂಗಯ್ಯನವರು ಮೈಸೂರಿನ ರಂಗಾಯಣದಲ್ಲಿ 2010ರಲ್ಲಿ ಮಾಡಿಸಿದ ಇಡೀ ರಾತ್ರಿಯ ನಾಟಕವನ್ನೂ ಬೆಳಗಿನವರೆಗೆ ಕುಳಿತು ನೋಡಿದ್ದೇನೆ. ಆದ್ದರಿಂದ ಗೊತ್ತಿರುವ ಕಥೆ, ಬಸ್ಸಿನ ಗದ್ದಲದಲ್ಲಿ ಅಲ್ಲಿ ಇಲ್ಲಿ ತಪ್ಪಿದರೂ ನಷ್ಟವಿಲ್ಲ ಎಂದುಕೊಂಡು ಆರಂಭಿಸಿದೆ. ಬೇಗ ಮುಗಿಯಲಿ ಎಂದು ವೇಗವನ್ನೂ ಒಂದೂವರೆ ಪಟ್ಟು ಮಾಡಿಕೊಂಡೆ. ಎರಡು ದಿನ ಹಾಗೆ ಕೇಳಿದೆ. ಮೂರನೆಯ ದಿನ ಬಸ್ಸು ಸಿಗ್ನಲ್ಲಿನಲ್ಲಿ ನಿಂತಿದ್ದಾಗ, ಇಷ್ಟು ಹೊತ್ತು ಏನು ಕೇಳಿದೆ ಎಂದು ನನ್ನನ್ನೇ ಕೇಳಿಕೊಂಡರೆ, ನಾಯಿಗುತ್ತಿ ಅವನ ನಾಯಿ ಹುಲಿಯನೊಡನೆ ಕಾಡಿನ ದಾರಿಯಲ್ಲಿ ನಡೆಯುತ್ತಿದ್ದಾನೆ ಎಂಬುದಕ್ಕಿಂತ ಹೆಚ್ಚಿಗೆ ಏನೂ ನೆನಪಿಗೆ ಬರಲಿಲ್ಲ. ಕಣ್ಣಿನಲ್ಲಿ ಮಾಡುತ್ತಿದ್ದ ತಪ್ಪನ್ನೇ ಕಿವಿಗೂ ಕಲಿಸಲು ಹೊರಟಿದ್ದೆ. ವೇಗವನ್ನು ಮೊದಲಿನಂತೆ ಮಾಡಿ, ಹಿಂದಕ್ಕೆ ಹೋಗಿ, ಮೊದಲ ಅಧ್ಯಾಯದಿಂದಲೇ ಮತ್ತೆ ಕೇಳಿದೆ.

ಆಗ ನಡೆದದ್ದನ್ನು ಸರಿಯಾಗಿ ಹೇಳಬೇಕೆಂದರೆ, ಆ ಕಾದಂಬರಿಯ ಮೂರನೆಯ ಒಂದು ಭಾಗವನ್ನು ನಾನು ಮೊದಲ ಬಾರಿಗೆ ಕೇಳಿದೆ. ಎರಡು ಸಲ ಓದಿದರೂ ನಾನು ಓದದೆ ಬಿಟ್ಟ ಭಾಗ ಅದು. ಕಾಡಿನ ಏರುದಾರಿ, ಕಾಲಿಗೆ ಹತ್ತುವ ಇಂಬಳವೆಂಬ ಜಿಗಣೆ, ಮಳೆಗೆ ಮುಂಚಿನ ಕತ್ತಲು, ಹಕ್ಕಿಯ ಕೂಗು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ನಿಲ್ಲುವುದು. ಕುವೆಂಪು ಅವರ ಉದ್ದ ವಾಕ್ಯಗಳನ್ನು ಕಣ್ಣು ಅಡ್ಡದಾರಿಯಲ್ಲಿ ದಾಟಿಬಿಡುತ್ತದೆ. ಕಿವಿಗೆ ಅಡ್ಡದಾರಿಯಿಲ್ಲ, ಗುತ್ತಿ ನಡೆದಷ್ಟು ದೂರ ಅದೂ ನಡೆಯಬೇಕು. ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದೆಂದರೆ ಅರ್ಧ ದಿನದ ಕೆಲಸ, ಆ ಅರ್ಧ ದಿನದೊಳಗೆ ಏನು ಬೇಕಾದರೂ ಆಗಬಹುದು ಎಂಬುದು ಆ ಕಾದಂಬರಿಯ ಜೀವಾಳ. ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಮೇಗರವಳ್ಳಿ ಎಂದು ನಾನು ಬರಿಯ ಹೆಸರುಗಳಾಗಿ ಓದಿದ್ದ ಊರುಗಳ ನಡುವಿನ ದೂರ ನನಗೆ ಮೊದಲ ಬಾರಿಗೆ ಕಾಲಿನ ನೋವಾಗಿ ತಿಳಿಯಿತು. ಐತ, ಪೀಂಚಲು ಅವರ ಪುಟ್ಟ ಸಂಸಾರದ ಮಾತುಗಳಲ್ಲಿರುವ ಮಮತೆಯಂತೂ, ಓದಿದವರ ದನಿ ಅಲ್ಲಿ ಮೆತ್ತಗಾದ್ದರಿಂದ, ಬಸ್ಸಿನ ಕಂಬ ಹಿಡಿದು ನಿಂತಿದ್ದವಳನ್ನು ಅಲ್ಲಿಯೇ ಕರಗಿಸಿತು. ಕೆಲವು ಕಡೆ ಓದಿದವರ ಉಚ್ಚಾರ ನನಗೆ ಒಪ್ಪಿಗೆಯಾಗಲಿಲ್ಲ, ಘಟ್ಟದ ಕೆಳಗಿನಿಂದ ಆಳುಗಳನ್ನು ಕರೆತರುವ ಸೇರೆಗಾರರ ಮಾತನ್ನೂ ಹೆಗ್ಗಡೆಗಳ ಮಾತನ್ನೂ ಒಂದೇ ಎರಕದಲ್ಲಿ ಹೊಯ್ದಂತೆ ಓದಿದ್ದರು. ಆದರೆ ಅವರು ಒಂದು ಸಾಲನ್ನೂ ಬಿಟ್ಟಿರಲಿಲ್ಲ, ಆ ಉಪಕಾರ ದೊಡ್ಡದು.

ಕಿವಿಯಿಂದ ಎಲ್ಲವೂ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. 1979ರ ‘ಶಿಕಾರಿ’ಯನ್ನು ರಾತ್ರಿ ಮಲಗುವ ಮುಂಚೆ ಕೇಳಲು ಹೋಗಿ ಸೋತೆ. ಮನುಷ್ಯರು ಓದಿದ ಮುದ್ರಿಕೆ ನನಗೆ ಸಿಗದೆ, ಮೊಬೈಲಿನ ಯಂತ್ರದ ದನಿಯಿಂದ ಓದಿಸಿದ್ದೆ. ಮುಂಬಯಿಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದು, ಆಪಾದನೆಯೊಂದರ ಬಲೆಗೆ ಬಿದ್ದ ನಾಗಪ್ಪನ ಮನಸ್ಸೇ ಆ ಕಾದಂಬರಿಯ ರಂಗಸ್ಥಳ. ಅವನು ಕೇಳಿದ ಮಾತು, ಹೇಳಿದ ಮಾತು, ಹೇಳಬೇಕೆಂದು ನುಂಗಿದ ಮಾತು, ಇನ್ನೊಬ್ಬರು ಹೀಗೆ ಯೋಚಿಸಿರಬಹುದೆಂದು ಅವನು ಯೋಚಿಸಿದ ಮಾತು, ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿವೆ. ಯಂತ್ರಕ್ಕೆ ಇವೆಲ್ಲ ಒಂದೇ. ಅದಕ್ಕಿಂತ ದೊಡ್ಡ ತೊಂದರೆ ನಮ್ಮ ಭಾಷೆಯ ‘ಏ’ಕಾರದ್ದು. ‘ಬಂದನೇ’ ಎಂಬ ಪದದಲ್ಲಿ ದನಿ ಏರಿದರೆ ಅದು ಪ್ರಶ್ನೆ, ‘ಅವನೇ ಬಂದ’ ಎಂಬುದರಲ್ಲಿ ಒತ್ತು ಬಿದ್ದರೆ ಅದು ನಿಶ್ಚಯ. ಸಂಶಯವೇ ಕಥಾವಸ್ತುವಾಗಿರುವ ಪುಸ್ತಕದಲ್ಲಿ ಪ್ರಶ್ನೆಯೂ ನಿಶ್ಚಯವೂ ಒಂದೇ ದನಿಯಲ್ಲಿ ಬಂದರೆ ಉಳಿಯುವುದೇನು? ನಾಲ್ಕನೆಯ ರಾತ್ರಿ ನಿಲ್ಲಿಸಿ, ಪುಸ್ತಕವನ್ನೇ ತೆಗೆದುಕೊಂಡು ಮೊದಲಿನಿಂದ ಓದಿದೆ. ಹಿಂದಿನ ಪುಟಕ್ಕೆ ಹೋಗಿ, ಈ ಮಾತನ್ನು ಅವನು ಹೇಳಿದನೋ ಬರಿದೇ ಅಂದುಕೊಂಡನೋ ಎಂದು ಮತ್ತೆ ನೋಡಿ, ಬೆರಳಿಟ್ಟುಕೊಂಡು ಮುಂದೆ ಹೋಗುವ ಓದು ಅದಕ್ಕೆ ಬೇಕು. ಒಳ್ಳೆಯ ದನಿಯವರೊಬ್ಬರು ಓದಿದರೂ ಆ ಪುಸ್ತಕ ನನಗೆ ಕಣ್ಣಿನದ್ದೇ ಎಂದು ನನ್ನ ಅಭಿಪ್ರಾಯ.

ಬೆಳಗಿನ ‘ಮರಳಿ ಮಣ್ಣಿಗೆ’ಯೂ ಹಾಗೆಯೇ ಕಣ್ಣಿನಲ್ಲಿ ಚೆನ್ನಾಗಿ ಸಾಗಿತು. ರಾಮ ಐತಾಳರು, ಅವರ ಮಗ ಲಚ್ಚ, ಮೊಮ್ಮಗ ರಾಮ ಎಂದು ಮೂರು ತಲೆಮಾರುಗಳ ಕಡಲತೀರದ ಬದುಕು ಅದು. ಪಾರೋತಿ, ಸರಸೋತಿ ಎಂಬ ಇಬ್ಬರು ಹೆಂಗಸರು ದುಡಿದು ದುಡಿದು ಸವೆಯುವುದನ್ನು ಕಾರಂತರು ಯಾವ ಸಡಗರವೂ ಇಲ್ಲದೆ ಬರೆದ ರೀತಿಗೆ ಬೆಳಗಿನ ಮೌನ ಸರಿಯಾಗಿ ಒದಗಿತು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಅಲ್ಲಿ ನನಗೆ ಹೊಸದಾಗಿ ಕಲಿಯಬೇಕಾದದ್ದು ಏನೂ ಇರಲಿಲ್ಲ, ಓದಿದೆ, ಸುಖಪಟ್ಟೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಿದೆ. ತಿಂಗಳ ಕೊನೆಗೆ ಬರುವಷ್ಟರಲ್ಲಿ ಕಣ್ಣೋದು ಕೂಡ ನಿಧಾನವಾಗಿತ್ತು, ತುಟಿ ಅಲ್ಲಾಡದಿದ್ದರೂ ಒಳಗೊಂದು ದನಿ ಓದುತ್ತಿತ್ತು.

‘ಕುಸುಮಬಾಲೆ’ಯ ವಿಷಯ ಬರೆಯುವಾಗ ಸ್ವಲ್ಪ ಸಂಕಟವಾಗುತ್ತದೆ. 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಪುಟ್ಟ ಕಾದಂಬರಿಯನ್ನು ನಾನು ಮೂರು ಸಲ ಹಿಡಿದು ಮೂರು ಸಲವೂ ಕೆಳಗಿಟ್ಟಿದ್ದೆ. ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಕಟ್ಟಿದ ಪುಸ್ತಕ ಅದು. ಹಕಾರವಿರಬೇಕಾದಲ್ಲಿ ಹಕಾರವಿಲ್ಲ, ಪದ ಅರ್ಧದಲ್ಲೇ ಕೂಡಿಕೊಂಡಿದೆ. ನನ್ನ ಕಣ್ಣಿಗೆ ಪ್ರತಿ ಸಾಲಿನಲ್ಲೂ ನಾಲ್ಕು ತಿದ್ದುಪಡಿಗಳು ಕಾಣುತ್ತಿದ್ದವು. ತಿದ್ದಬಾರದೆಂದು ಬುದ್ಧಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ನಮ್ಮಲ್ಲಿ ಅಕ್ಷರ ಜೋಡಿಸುವ ಹುಡುಗಿಯೊಬ್ಬಳು ನಂಜನಗೂಡು ತಾಲ್ಲೂಕಿನ ಹಳ್ಳಿಯವಳು. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಈ ಪುಸ್ತಕ ನನ್ನ ಮೇಜಿನ ಮೇಲಿದ್ದುದನ್ನು ಕಂಡು ಕೈಗೆತ್ತಿಕೊಂಡು, ಮೊದಲು ಮನಸ್ಸಿನಲ್ಲಿ, ಆಮೇಲೆ ಗಟ್ಟಿಯಾಗಿ ಓದತೊಡಗಿದಳು. ನಾನು ಊಟ ಮರೆತೆ. ನಾನು ಒಂದೊಂದೇ ಕಲ್ಲಿನ ಮೇಲೆ ಕಾಲಿಟ್ಟು ಎಡವುತ್ತಿದ್ದ ಸಾಲುಗಳು ಅವಳ ಬಾಯಲ್ಲಿ ಹೊಳೆಯ ನೀರಿನ ಹಾಗೆ ಹರಿದವು. ಒಂದು ಪದದ ಹತ್ತಿರ ತಡೆದು, ಇದು ಅಚ್ಚಿನ ತಪ್ಪಿರಬಹುದೇ ಎಂದು ಕೇಳಿದೆ. “ತಪ್ಪಲ್ಲ ಅಕ್ಕಾ, ನಮ್ಮವ್ವ ಇಂಗೇ ಅನ್ನದು” ಎಂದಳು.

ಮುಂದಿನ ಎಂಟು ದಿನ ಮಧ್ಯಾಹ್ನದ ಅರ್ಧ ಗಂಟೆ ಅವಳು ಓದಿದಳು, ನಾನು ಕೇಳಿದೆ. ರಾತ್ರಿಯ ಹೊತ್ತು ಮನೆಮನೆಗಳ ದೀಪಗಳು ಜೋತಮ್ಮಂದಿರಾಗಿ ಒಂದೆಡೆ ಕೂಡಿ ತಂತಮ್ಮ ಮನೆಯ ಸುಖದುಃಖ ಮಾತಾಡಿಕೊಳ್ಳುವ ಭಾಗ ಬಂದಾಗ, ತನ್ನ ಅಜ್ಜಿ ಹೇಳುತ್ತಿದ್ದ ಕಥೆಗಳ ದಾಟಿಯೂ ಹೀಗೇ ಇತ್ತು ಎಂದು ಅವಳು ಓದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದಳು. ಚೆನ್ನನನ್ನು ಕುಸುಮಳ ಮೇಲಿನ ಪ್ರೀತಿಗಾಗಿ ಕೊಂದ ಸಂಗತಿಯನ್ನು ಓದುವಾಗ ಅವಳ ದನಿಯಲ್ಲಿ ಬೇರೆಯೇ ಗಟ್ಟಿತನ ಬಂತು, ಅದನ್ನು ಕುರಿತು ನಾವಿಬ್ಬರೂ ಮಾತಾಡಲಿಲ್ಲ. ಆ ರಾತ್ರಿ ನನಗೆ ಹಳೆಯ ವಿಷಯವೊಂದು ನೆನಪಾಗಿ ನಿದ್ದೆ ಬರಲಿಲ್ಲ. ಬಹಳ ವರ್ಷಗಳ ಹಿಂದೆ ಹೊಸ ಲೇಖಕರೊಬ್ಬರ ಕಥಾಸಂಕಲನದ ಕರಡು ನನ್ನ ಕೈಗೆ ಬಂದಿತ್ತು. ಅವರು ತಮ್ಮ ಊರಿನ ಮಾತನ್ನು ಕೇಳಿದ ಹಾಗೇ ಬರೆದಿದ್ದರು. ಬಿಟ್ಟುಹೋದ ಹಕಾರಗಳನ್ನೆಲ್ಲ ನಾನು ಸೇರಿಸಿದೆ, ಕೂಡಿದ್ದ ಪದಗಳನ್ನು ಬಿಡಿಸಿದೆ, ಶುದ್ಧಪ್ರತಿ ಕೊಟ್ಟೆನೆಂದು ಸಂತೋಷಪಟ್ಟೆ. ಪುಸ್ತಕ ಹಾಗೆಯೇ ಅಚ್ಚಾಯಿತು. ಆ ಲೇಖಕರು ಏನೂ ಹೇಳಲಿಲ್ಲ, ಎರಡನೆಯ ಪುಸ್ತಕವನ್ನು ನಮ್ಮಲ್ಲಿಗೆ ತರಲೂ ಇಲ್ಲ. ನಾನು ಅಳಿಸಿದ್ದು ತಪ್ಪುಗಳನ್ನಲ್ಲ, ಯಾರದೋ ಅವ್ವನ ದನಿಯನ್ನು ಎಂಬುದು ಈ ಜುಲೈ ತಿಂಗಳಲ್ಲಿ ನನಗೆ ತಿಳಿಯಿತು. ಈಗ ಸಂಭಾಷಣೆಯಿರುವ ಕರಡು ಬಂದರೆ ಮೊದಲು ಆ ಪುಟವನ್ನು ಗಟ್ಟಿಯಾಗಿ ಓದುತ್ತೇನೆ, ಆ ಸೀಮೆಯವರು ಯಾರಾದರೂ ಹತ್ತಿರವಿದ್ದರೆ ಅವರಿಂದ ಓದಿಸುತ್ತೇನೆ, ಆಮೇಲೆ ಪೆನ್ಸಿಲು ತೆಗೆಯುತ್ತೇನೆ. ಸಂಶಯವಿದ್ದರೆ ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಲೇಖಕರಿಗೇ ಬಿಡುತ್ತೇನೆ.

ಇಪ್ಪತ್ತೆಂಟನೆಯ ದಿನ ‘ಮದುಮಗಳು’ ಕೊನೆಯ ಅಧ್ಯಾಯಗಳಿಗೆ ಬಂದಿತ್ತು. ತುಂಗೆಯ ನೆರೆಯಲ್ಲಿ ಹುಲಿಯ ಕೊಚ್ಚಿಹೋಗುವುದು ನನಗೆ ಗೊತ್ತಿತ್ತು, ಅದನ್ನು ಬಸ್ಸಿನಲ್ಲಿ ಕೇಳುವ ಧೈರ್ಯವಾಗಲಿಲ್ಲ. ಅಲ್ಲಿಗೇ ನಿಲ್ಲಿಸಿ ಮನೆಗೆ ಬಂದು, ಊಟವಾದ ಮೇಲೆ ಮೊಬೈಲನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು ತಾಯಿಯ ಜೊತೆಯಲ್ಲಿ ಕುಳಿತು ಕೇಳಿದೆ. ಹೊರಗೆ ಆಷಾಢದ ಜಿನುಗು ಮಳೆಯಿತ್ತು. ಅವರು ಆ ಕಾದಂಬರಿಯನ್ನು ಓದಿದವರಲ್ಲ. ಗುತ್ತಿ ಯಾರು, ತಿಮ್ಮಿ ಯಾರು, ನಾಯಿಗೆ ಹುಲಿಯ ಎಂಬ ಹೆಸರೇಕೆ ಎಂದು ಎರಡು ಮಾತಿನಲ್ಲಿ ಹೇಳಿದ್ದೆ, ಅಷ್ಟೆ. ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದರು. ಕಣ್ಣೊರೆಸಿಕೊಳ್ಳಲು ಹೋದ ಕೈಯನ್ನು ನಾನು ಹಿಡಿದು, ಕಣ್ಣನ್ನು ಉಜ್ಜಬಾರದೆಂದು ನೆನಪಿಸಿ, ಬಟ್ಟೆಯಿಂದ ಕೆನ್ನೆಯನ್ನು ಮಾತ್ರ ಒತ್ತಿದೆ.

ಆ ವಾರದ ಕೊನೆಗೆ ಹೊಸ ಕನ್ನಡಕ ಬಂತು. ಹಾಕಿಕೊಂಡು, ಗೋಡೆಯ ಕ್ಯಾಲೆಂಡರಿನ ತಿಥಿ ನಕ್ಷತ್ರಗಳನ್ನು ಓದಿ ನೋಡಿ, ಎಲ್ಲ ಚೆನ್ನಾಗಿ ಕಾಣುತ್ತದೆ ಎಂದರು. ನಾನು ‘ಮಲೆಗಳಲ್ಲಿ ಮದುಮಗಳು’ ಪುಸ್ತಕವನ್ನು ತಂದು ಅವರ ಕೈಗೆ ಕೊಟ್ಟೆ. ಅವರು ಅದನ್ನು ತೆರೆದು, ಮೊದಲ ಪುಟದ ಅಕ್ಷರಗಳ ಮೇಲೆ ಬೆರಳಾಡಿಸಿ, ಮುಚ್ಚಿ, ನನಗೇ ವಾಪಸು ಕೊಟ್ಟರು. “ಇದನ್ನ ಆಮೇಲೆ ಓದ್ಕೋತೀನಿ. ಮೊದ್ಲಿಂದ ಹಾಕು, ಕೇಳೋಣ” ಎಂದರು.